ಹುಕುಂ ಕೊಟ್ಟವನು ಯಾರು?

(ವಿದ್ಯಾರ್ಥಿನಿಲಯದ ಗೆಳೆಯರ ಸಭೆಯಲ್ಲಿ ನಾವು ಆಡಿದ ಮಾತುಗಳ ಬರಹ ರೂಪ)

ಗೆಳೆಯರೇ,

ಹೋದ ಸಲ ಇದೇ ಊಟದ ಹಾಲಿನಲ್ಲಿ ಸೇರಿದ್ದಾಗ ನಿಮ್ಮಲ್ಲೊಬ್ಬ ಗೆಳೆಯ ಎದ್ದು ನಿಂತು ನಮ್ಮನ್ನ ಒಂದು ಪ್ರಶ್ನೆ ಕೇಳಿದ. "ಬಡವ ಒಂದು ಮೂಟೆ ಜೋಳ ಕದ್ದರೆ ಜೈಲಿಗೆ ಹಾಕ್ತಾರೆ. ಒಬ್ಬ ಸೇನಾಪತಿ ನೂರಾರು ಹಳ್ಳಿ ಸುಟ್ಟರೆ ಅವನನ್ನ ಯಾವ ಕೋರ್ಟಿಗೆ ಎಳೀತೀರಿ?" ಅಂತ. ಆವತ್ತು ನಮ್ಮ ಹತ್ತಿರ ನೆಟ್ಟಗೆ ಉತ್ತರ ಇರಲಿಲ್ಲ. ಹಿಟ್ಲರನ ಕಾಲದ ನ್ಯೂರೆಂಬರ್ಗ್ ವಿಚಾರಣೆ ಬಗ್ಗೆ ಒಂದೆರಡು ಮಾತಾಡಿ ಕೈತೊಳಕೊಂಡೆವು. ಆ ಗೆಳೆಯ ಅಷ್ಟಕ್ಕೆ ಸುಮ್ಮನಾಗಲಿಲ್ಲ. "ಅದು ಗೆದ್ದವರು ಸೋತವರಿಗೆ ಕೊಟ್ಟ ಶಿಕ್ಷೆ. ಸೋತವರು, ಬಡವರು, ಅಕ್ಷರ ಬಾರದವರು ಯಾವತ್ತಾದರೂ ಒಬ್ಬ ಸೇನಾಪತಿಯನ್ನ ಕಟಕಟೆಗೆ ತಂದಿದ್ದಾರಾ?" ಅಂದ.

ತಂದಿದ್ದಾರೆ. ಈ ಸಲ ಓದಿಕೊಂಡು ಬಂದಿದ್ದೀವಿ. ಹತ್ತು ದೇಶದ ಹೆಸರು ಹೇಳಿ ನಿಮ್ಮನ್ನ ದಣಿಸೋದಿಲ್ಲ. ಒಂದೇ ಒಂದು ದೇಶದ ಕತೆ ಹೇಳ್ತೀವಿ. ಇದು ಪೂರ್ತಿ ಗೆದ್ದ ಕತೆ ಅಲ್ಲ ಅನ್ನೋದನ್ನ ಮೊದಲೇ ಹೇಳಿಬಿಡ್ತೀವಿ. ಹಾಗಂತ ಸೋತ ಕತೆಯೂ ಅಲ್ಲ. ಕೇಳಿ, ಆಮೇಲೆ ನೀವೇ ತೀರ್ಮಾನ ಮಾಡಿ.

ಆ ದೇಶದ ಹೆಸರು ಗ್ವಾಟೆಮಾಲಾ. ಅಮೆರಿಕ ಖಂಡದ ಸೊಂಟದಲ್ಲಿ, ಮೆಕ್ಸಿಕೊ ಕೆಳಗಡೆ ಇದೆ. ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೆ. ನಾವು ಹೊಲದಲ್ಲಿ ಬೆಳೆಯೋ ಮುಸುಕಿನ ಜೋಳ ಇದೆಯಲ್ಲ, ಅದು ನಮ್ಮ ನಾಡಿಗೆ ಬಂದದ್ದು ಆ ಕಡೆಯಿಂದ. ಆ ಜೋಳವನ್ನ ಸಾವಿರಾರು ವರ್ಷದಿಂದ ಬೆಳೆದು ತಿಂದು ಬದುಕಿದ ಜನ ಮಾಯಾ ಜನ. ಅವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿವೆ. 1524ರಲ್ಲಿ ಸ್ಪೇನಿನ ದಂಡು ಬಂದು ಅವರ ನೆಲ ಹಿಡಿಯಿತು. ಅಲ್ಲಿಂದಾಚೆ ಮಾಯಾ ಜನ ಅಂದರೆ ಕೂಲಿ, ಮಾಯಾ ಜನ ಅಂದರೆ ಕೊಳಕು, ಮಾಯಾ ಜನ ಅಂದರೆ ದಡ್ಡ. ಸ್ಪ್ಯಾನಿಷ್ ಮಾತಾಡೋ ಲದೀನೋಗಳು ಯಜಮಾನರು. ಕಾಫಿ ತೋಟ ಅವರದು, ಕಚೇರಿ ಅವರದು, ಕೋರ್ಟಿನ ಭಾಷೆಯೂ ಅವರದು. 1934ರ ಒಂದು ಕಾನೂನು ಏನು ಹೇಳ್ತಿತ್ತು ಅಂದರೆ, ಸ್ವಂತ ನೆಲ ಇಲ್ಲದವನು ವರ್ಷದಲ್ಲಿ ನೂರಕ್ಕೂ ಹೆಚ್ಚು ದಿನ ತೋಟದಲ್ಲಿ ದುಡಿಯಲೇಬೇಕು. ದುಡಿದದ್ದಕ್ಕೆ ಗುರುತಿನ ಪುಸ್ತಕ ಜೇಬಿನಲ್ಲಿ ಇಟ್ಟುಕೊಂಡಿರಬೇಕು. ಪುಸ್ತಕ ಇಲ್ಲದೆ ಸಿಕ್ಕಿದರೆ "ಸೋಮಾರಿ" ಅಂತ ಜೈಲು. ಬಿಟ್ಟಿ ಚಾಕರಿ ಅಂದರೆ ಏನು ಅಂತ ನಿಮಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಈ ಕತ್ತಲೆಯಲ್ಲಿ ಹತ್ತು ವರ್ಷ ಮಾತ್ರ ಬೆಳಕು ಬಿತ್ತು. 1944ರಲ್ಲಿ ಜನ ಸರ್ವಾಧಿಕಾರಿಯನ್ನ ಓಡಿಸಿದರು. ಹಾಕೊಬೊ ಆರ್ಬೆನ್ಸ್ ಅನ್ನೋ ಅಧ್ಯಕ್ಷ 1952ರಲ್ಲಿ ಭೂಸುಧಾರಣೆ ಕಾನೂನು ತಂದ. ದೊಡ್ಡ ಜಮೀನುದಾರರು ಉಳದೆ ಬೀಳು ಬಿಟ್ಟ ನೆಲವನ್ನ ಸರ್ಕಾರ ತಗೊಂಡು ನೆಲ ಇಲ್ಲದವರಿಗೆ ಕೊಟ್ಟಿತು. ಸುಮಾರು ಒಂದು ಲಕ್ಷ ಕುಟುಂಬಕ್ಕೆ ಭೂಮಿ ಸಿಕ್ಕಿತು. ಬೀಳು ನೆಲ ಹೆಚ್ಚಾಗಿ ಇದ್ದದ್ದು ಯಾರ ಹತ್ತಿರ? ಯುನೈಟೆಡ್ ಫ್ರೂಟ್ ಅನ್ನೋ ಅಮೆರಿಕದ ಬಾಳೆಹಣ್ಣಿನ ಕಂಪನಿ ಹತ್ತಿರ. ತೆರಿಗೆ ಉಳಿಸೋಕೆ ಆ ಕಂಪನಿ ತನ್ನ ನೆಲದ ಬೆಲೆಯನ್ನ ಕಡಿಮೆ ಬರೆಸಿಕೊಂಡಿತ್ತು. ಆರ್ಬೆನ್ಸ್ ಸರ್ಕಾರ "ನೀವೇ ಬರೆಸಿದ ಬೆಲೆ ತಾನೆ, ತಗೊಳ್ಳಿ ಪರಿಹಾರ" ಅಂತ ಅಷ್ಟನ್ನೇ ಕೊಡೋಕೆ ಹೋಯಿತು. 1954ರಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಸಿ.ಐ.ಎ. ಸೇರಿಕೊಂಡು ಆರ್ಬೆನ್ಸ್‌ನನ್ನ ಉರುಳಿಸಿತು. ಕೊಟ್ಟ ಭೂಮಿಯನ್ನ ಜನರ ಕೈಯಿಂದ ಮತ್ತೆ ಕಿತ್ತುಕೊಂಡರು. ಆವತ್ತಿಂದ ಆ ದೇಶದಲ್ಲಿ ಸೈನ್ಯದ್ದೇ ದರ್ಬಾರು. 1960ರಲ್ಲಿ ಶುರುವಾದ ಒಳಯುದ್ಧ ನಿಂತದ್ದು 1996ರಲ್ಲಿ. ಮೂವತ್ತಾರು ವರ್ಷ.

ಈಗ ನಮ್ಮ ಕತೆಯ ಸೇನಾಪತಿಗೆ ಬರೋಣ. ಅವನ ಹೆಸರು ಎಫ್ರಾಯಿನ್ ರಿಯೋಸ್ ಮೊಂಟ್. 1982ರ ಮಾರ್ಚ್ 23ರಂದು ಸೈನ್ಯದ ಕ್ಷಿಪ್ರಕ್ರಾಂತಿ ಅವನನ್ನ ಗದ್ದುಗೆ ಮೇಲೆ ಕೂರಿಸಿತು. ಭಾನುವಾರ ಬಂತು ಅಂದರೆ ಟೆಲಿವಿಷನ್ನಿನಲ್ಲಿ ಕೂತು ದೇಶಕ್ಕೆಲ್ಲ ನೀತಿ ಬೋಧನೆ ಮಾಡ್ತಿದ್ದ. ಸುಳ್ಳು ಹೇಳಬೇಡಿ, ಕದಿಯಬೇಡಿ, ಸಂಸಾರ ನೆಟ್ಟಗೆ ನಡೆಸಿ ಅಂತ. ಅದೇ ವಾರಗಳಲ್ಲಿ ಅವನ ಸೈನ್ಯ ಬೆಟ್ಟದ ಮೇಲೆ ಏನು ಮಾಡ್ತಿತ್ತು?

ಎಲ್ ಕಿಚೆ ಅನ್ನೋ ಪ್ರಾಂತ್ಯದ ಬೆಟ್ಟದಲ್ಲಿ ನೆಬಾಹ್, ಚಾಹುಲ್, ಕೊತ್ಸಾಲ್ ಅಂತ ಮೂರು ಊರುಗಳು, ಸುತ್ತ ನೂರಾರು ಹಳ್ಳಿಗಳು. ಅಲ್ಲಿರೋರು ಇಶಿಲ್ ಅನ್ನೋ ಮಾಯಾ ಜನ. ಆ ಬೆಟ್ಟದಲ್ಲಿ ಗೆರಿಲ್ಲಾಗಳು ಇದ್ದರು, ಸುಳ್ಳಲ್ಲ. ಸೈನ್ಯದ ಲೆಕ್ಕ ಹೇಗಿತ್ತು ಅಂದರೆ, ಗೆರಿಲ್ಲಾ ಅಂದರೆ ಮೀನು, ಇಶಿಲ್ ಜನ ಅಂದರೆ ನೀರು. ಮೀನು ಹಿಡಿಯೋದು ಕಷ್ಟ, ನೀರನ್ನೇ ಬತ್ತಿಸಿಬಿಡು. ಹೀಗಾಗಿ ಕೈಯಲ್ಲಿ ಕೋವಿ ಇಲ್ಲದ ಹೆಂಗಸೂ ಶತ್ರು, ಬೆನ್ನಿಗೆ ಕಟ್ಟಿಕೊಂಡ ಕೂಸೂ ಶತ್ರು. ಸೈನ್ಯದ ಕಾಗದಗಳಲ್ಲಿ ಇದಕ್ಕೆ "ಆಂತರಿಕ ಶತ್ರು" ಅಂತ ಹೆಸರು.

ಸೈನಿಕರು ಹಳ್ಳಿಗೆ ಬಂದರು. ಸಿಕ್ಕವರನ್ನ ಕೊಂದರು. ಮನೆಗೆ ಬೆಂಕಿ ಇಟ್ಟರು. ಹೊಲದಲ್ಲಿ ನಿಂತ ಜೋಳ ಕಡಿದರು, ಕಣಜದಲ್ಲಿದ್ದ ಜೋಳ ಸುಟ್ಟರು, ದನ ಕೋಳಿ ಕೊಂದರು. ಜೋಳ ಯಾಕೆ ಸುಡಬೇಕು ಕೇಳಿ. ಗುಂಡಿನಿಂದ ತಪ್ಪಿಸಿಕೊಂಡು ಬೆಟ್ಟ ಹತ್ತಿದವನು ಹಸಿವಿನಿಂದ ಸಾಯಲಿ ಅಂತ. ಹಾಗೇ ಆಯಿತು. ಕಾಡಿನ ಚಳಿಯಲ್ಲಿ ಬೇರು ಸೊಪ್ಪು ತಿಂದು ಎಷ್ಟೋ ಮಕ್ಕಳು ಮುದುಕರು ಸತ್ತರು. ಇಶಿಲ್ ಸೀಮೆಯ ನೂರಕ್ಕೆ 70ರಿಂದ 90 ಹಳ್ಳಿಗಳು ನೆಲಸಮ ಆದವು ಅಂತ ಮುಂದೆ ಸತ್ಯಶೋಧನಾ ಆಯೋಗ ಬರೆಯಿತು.

ಇನ್ನೊಂದು ಮಾತು. ಕೋವಿ ಹಿಡಿದು ಬಂದ ಸೈನಿಕರಲ್ಲಿ ಎಷ್ಟೋ ಜನ ತಾವೇ ಮಾಯಾ ಹುಡುಗರು. ಸಂತೆಯಲ್ಲಿ, ರಸ್ತೆಯಲ್ಲಿ ಹಿಡಿದು ಬಲವಂತವಾಗಿ ಪಟಾಲಮ್ಮಿಗೆ ಸೇರಿಸಿದ ಬಡವರ ಮಕ್ಕಳು. ಅದು ಸಾಲದು ಅಂತ ಹಳ್ಳಿ ಗಂಡಸರನ್ನೆಲ್ಲ "ನಾಗರಿಕ ಕಾವಲು ಪಡೆ" ಅಂತ ಮಾಡಿದರು. ಸೇರದಿದ್ದವನು ಗೆರಿಲ್ಲಾ. ಸೇರಿದವನು ಪಕ್ಕದ ಮನೆಯವನನ್ನ ಹಿಡಿದುಕೊಡಬೇಕು, ಎಷ್ಟೋ ಕಡೆ ತನ್ನ ಕೈಯಾರೆ ಕೊಲ್ಲಬೇಕು. ನಮ್ಮವರ ಕೈಯಿಂದಲೇ ನಮ್ಮವರನ್ನ ಹೊಡೆಸೋ ಈ ಹಳೇ ವಿದ್ಯೆ ಎಲ್ಲಾ ದೇಶದ ಯಜಮಾನರಿಗೂ ಗೊತ್ತು. ಇದನ್ನ ಯಾಕೆ ಹೇಳ್ತಿದ್ದೀವಿ ಅಂದರೆ, ತಪ್ಪಿತಸ್ಥ ಯಾರು ಅನ್ನೋ ಪ್ರಶ್ನೆ ಇಲ್ಲೇ ಗಂಟಾಗುತ್ತೆ. ಕತ್ತಿ ಬೀಸಿದವನು ಪಕ್ಕದ ಮನೆಯವನು. ಹುಕುಂ ಕೊಟ್ಟವನು ರಾಜಧಾನಿಯಲ್ಲಿ ಮೇಜಿನ ಮುಂದೆ ಕೂತಿದ್ದಾನೆ. ಅವನ ಬಟ್ಟೆ ಮೇಲೆ ಒಂದು ಹನಿ ರಕ್ತ ಇಲ್ಲ.

1982ರ ಡಿಸೆಂಬರ್ ಮೊದಲ ವಾರದಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಹೊಂಡುರಾಸ್ ದೇಶದಲ್ಲಿ ರಿಯೋಸ್ ಮೊಂಟ್‌ನನ್ನ ಭೇಟಿ ಮಾಡಿದ. ಪಾಪ, ಈ ಮನುಷ್ಯನ ಮೇಲೆ ಸುಮ್ಮನೆ ಅಪವಾದ ಹೊರಿಸ್ತಿದ್ದಾರೆ ಅಂತ ಪತ್ರಿಕೆಯವರ ಮುಂದೆ ಹೊಗಳಿದ. ಆದ ಎರಡು ಮೂರು ದಿನಕ್ಕೆ ಗ್ವಾಟೆಮಾಲಾದ ಉತ್ತರಕ್ಕಿರೋ ಪೆತೇನ್ ಪ್ರಾಂತ್ಯದಲ್ಲಿ, ದೋಸ್ ಎರೆಸ್ ಅನ್ನೋ ಹಳ್ಳಿಗೆ ಸೈನ್ಯದ ವಿಶೇಷ ದಳ ನುಗ್ಗಿ ಇನ್ನೂರಕ್ಕೂ ಹೆಚ್ಚು ಜನರನ್ನ ಕೊಂದಿತು. ಎಷ್ಟೋ ಹೆಣಗಳನ್ನ ಊರ ಬಾವಿಗೆ ತುಂಬಿದರು.

1983ರ ಆಗಸ್ಟಿನಲ್ಲಿ ಇನ್ನೊಬ್ಬ ಸೇನಾಪತಿ ಇವನನ್ನ ಇಳಿಸಿದ. ಆ ಇನ್ನೊಬ್ಬ 1986ರಲ್ಲಿ ಅಧಿಕಾರ ಬಿಟ್ಟುಕೊಡೋಕೆ ಸ್ವಲ್ಪ ಮೊದಲು ಒಂದು ಶಾಸನ ಬರೆದ. ಸೈನ್ಯ ಮಾಡಿದ್ದಕ್ಕೆಲ್ಲ ಕ್ಷಮಾದಾನ ಅಂತ. ತಪ್ಪು ಮಾಡಿದವನೇ ತನಗೆ ತಾನೇ ಕ್ಷಮೆ ಬರೆದುಕೊಳ್ಳೋದು! ರಿಯೋಸ್ ಮೊಂಟ್ ಏನಾದ? ಜೈಲಿಗೆ ಹೋಗಲಿಲ್ಲ, ತಲೆಮರೆಸಿಕೊಳ್ಳಲೂ ಇಲ್ಲ. ಪಕ್ಷ ಕಟ್ಟಿ ಓಟು ಕೇಳಿ ಸಂಸತ್ತಿಗೆ ಹೋದ. 2000ದಿಂದ 2004ರವರೆಗೆ ಸಂಸತ್ತಿನ ಅಧ್ಯಕ್ಷನಾಗಿ ಕೂತ. ಸಂಸತ್ ಸದಸ್ಯ ಅಂದರೆ ಕೋರ್ಟು ಮುಟ್ಟೋ ಹಾಗಿಲ್ಲ. ಕುರ್ಚಿಯೇ ಅವನಿಗೆ ಕೋಟೆ.

ಈಗ ಗೆಳೆಯರೇ, ಈ ಕೋಟೆಯನ್ನ ಇಶಿಲ್ ಜನ ಹೇಗೆ ಮುರಿದರು ಅನ್ನೋದೇ ನಾವು ಹೇಳೋಕೆ ಬಂದದ್ದು.

ಮೊದಲನೆಯದು ನೆನಪು. 1990ರ ದಶಕದಲ್ಲಿ ಕ್ಯಾಥೊಲಿಕ್ ಚರ್ಚಿನ ಬಿಷಪ್ ಹುವಾನ್ ಹೆರಾರ್ದಿ ಹಳ್ಳಿಹಳ್ಳಿಗೆ ಜನರನ್ನ ಕಳಿಸಿ ಸಾವಿರಾರು ಹೇಳಿಕೆ ಬರೆಸಿದ. ಮಾಯಾ ಭಾಷೆಗಳಲ್ಲೇ ಕೇಳಿ ಬರೆಸಿದ. 1998ರ ಏಪ್ರಿಲ್ 24ಕ್ಕೆ ಆ ವರದಿ ಹೊರಬಂತು. ಏಪ್ರಿಲ್ 26ರ ರಾತ್ರಿ ಬಿಷಪ್ಪನನ್ನ ಅವನ ಮನೆಯಲ್ಲೇ ತಲೆ ಜಜ್ಜಿ ಕೊಂದರು. ಎರಡೇ ದಿನ. ಆದರೆ ಈ ಕೊಲೆ ಮುಚ್ಚಿಹೋಗಲಿಲ್ಲ. 2001ರಲ್ಲಿ ಒಬ್ಬ ಕರ್ನಲ್, ಕ್ಯಾಪ್ಟನ್ ಆಗಿದ್ದ ಅವನ ಮಗ, ಒಬ್ಬ ಸಾರ್ಜೆಂಟು, ಒಬ್ಬ ಪಾದ್ರಿ, ನಾಲ್ಕು ಜನಕ್ಕೂ ಶಿಕ್ಷೆಯಾಯಿತು. ಬರೆದಿಟ್ಟ ನೆನಪಿಗೆ ಸೈನ್ಯ ಎಷ್ಟು ಹೆದರುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

1999ರಲ್ಲಿ ವಿಶ್ವಸಂಸ್ಥೆಯ ಬೆಂಬಲದ ಸತ್ಯಶೋಧನಾ ಆಯೋಗ ವರದಿ ಕೊಟ್ಟಿತು. ಮೂವತ್ತಾರು ವರ್ಷದಲ್ಲಿ ಸತ್ತವರು, ಕಾಣೆಯಾದವರು ಸೇರಿ ಸುಮಾರು 2 ಲಕ್ಷ ಜನ. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಜನ ಮಾಯಾ. ಆಯೋಗ ದಾಖಲಿಸಿದ ದೌರ್ಜನ್ಯಗಳಲ್ಲಿ ನೂರಕ್ಕೆ 93 ಸರ್ಕಾರದ ಪಡೆಗಳದ್ದು, ಅವುಗಳ ಜತೆಗಾರರದ್ದು. ಗೆರಿಲ್ಲಾಗಳದ್ದು ನೂರಕ್ಕೆ 3. ಕೆಲವು ಸೀಮೆಗಳಲ್ಲಿ ನಡೆದದ್ದು ಜನಾಂಗಹತ್ಯೆ ಅಂತ ಆಯೋಗ ಹೇಳಿತು. ಹೇಳಿತು, ಆದರೆ ಯಾರ ಹೆಸರನ್ನೂ ಎತ್ತಿ ತಪ್ಪಿತಸ್ಥ ಅನ್ನೋ ಅಧಿಕಾರ ಆ ಆಯೋಗಕ್ಕೆ ಇರಲಿಲ್ಲ. ವರದಿ ಆಯಿತು, ಹೊಣೆ ಯಾರ ಮೇಲೂ ಬೀಳಲಿಲ್ಲ.

ಎರಡನೆಯದು ಸಂಘಟನೆ. ಬದುಕುಳಿದವರು ಹಳ್ಳಿಹಳ್ಳಿಯಿಂದ ಸೇರಿ ನ್ಯಾಯ ಮತ್ತು ಸಾಮರಸ್ಯ ಸಂಘ ಅಂತ ಕಟ್ಟಿದರು. ರಾಜಧಾನಿಯ ಮಾನವ ಹಕ್ಕು ವಕೀಲರ ಜತೆ ಕೂತು 2001ರಲ್ಲಿ ರಿಯೋಸ್ ಮೊಂಟ್ ಮೇಲೆ ಫಿರ್ಯಾದು ಕೊಟ್ಟರು. ಯೋಚನೆ ಮಾಡಿ, ಆಗ ಅವನು ಸಂಸತ್ತಿನ ಅಧ್ಯಕ್ಷ! ಫಿರ್ಯಾದು ಕೊಟ್ಟವರು ಜೋಳ ಬೆಳೆಯೋ ಜನ, ಎಷ್ಟೋ ಜನಕ್ಕೆ ಕೋರ್ಟಿನ ಭಾಷೆಯೇ ಬಾರದು. ಹನ್ನೊಂದು ವರ್ಷ ಕಾದರು. ಕಾದರು ಅಂದರೆ ಸುಮ್ಮನೆ ಕೂರಲಿಲ್ಲ. ಹೆಣ ಹೂತ ಗುಂಡಿಗಳನ್ನ ತೋರಿಸಿದರು, ತಜ್ಞರು ಅಗೆದು ಮೂಳೆ ತೆಗೆದರು, ಅಳತೆ ಮಾಡಿದರು. ಗುಂಡಿಯಲ್ಲಿ ಸಿಕ್ಕ ಪುಟ್ಟ ಪುಟ್ಟ ಮೂಳೆಗಳು ಗೆರಿಲ್ಲಾಗಳದ್ದಲ್ಲ, ಮಕ್ಕಳದ್ದು.

2012ರ ಜನವರಿ 14ಕ್ಕೆ ಅವನ ಸಂಸತ್ ಸದಸ್ಯತ್ವ ಮುಗಿಯಿತು. ಜನವರಿ 26ಕ್ಕೆ ಕೋರ್ಟು ಅವನನ್ನ ಮುಂದೆ ನಿಲ್ಲಿಸಿಕೊಂಡಿತು. ಹನ್ನೆರಡೇ ದಿನಕ್ಕೆ! ಆಗ ಸರ್ಕಾರಿ ಅಭಿಯೋಗದ ಮುಖ್ಯಸ್ಥೆ ಕ್ಲೌಡಿಯಾ ಪಾಸ್ ಇ ಪಾಸ್ ಅನ್ನೋ ಗಟ್ಟಿ ಹೆಂಗಸು.

2013ರ ಮಾರ್ಚ್ 19ರಂದು ವಿಚಾರಣೆ ಶುರುವಾಯಿತು. ಪೀಠದ ಮುಖ್ಯ ನ್ಯಾಯಾಧೀಶೆ ಯಾಸ್ಮಿನ್ ಬಾರಿಯೋಸ್. ಆರೋಪ ಏನು? 1,771 ಇಶಿಲ್ ಜನರ ಕೊಲೆ, ಜತೆಗೆ ಅತ್ಯಾಚಾರ, ಚಿತ್ರಹಿಂಸೆ, ಸಾವಿರಾರು ಜನರನ್ನ ಊರು ಬಿಡಿಸಿದ್ದು. ಒಂದು ದೇಶ ತನ್ನದೇ ಮಾಜಿ ಮುಖ್ಯಸ್ಥನನ್ನ ತನ್ನದೇ ಕೋರ್ಟಿನಲ್ಲಿ ಜನಾಂಗಹತ್ಯೆಗಾಗಿ ಹೀಗೆ ವಿಚಾರಣೆಗೆ ನಿಲ್ಲಿಸಿದ್ದು ಅಮೆರಿಕ ಖಂಡದಲ್ಲೇ ಮೊದಲು. ನೂರರ ಹತ್ತಿರ ಇಶಿಲ್ ಸಾಕ್ಷಿಗಳು ಬೆಟ್ಟ ಇಳಿದು ಬಂದರು. ಬಣ್ಣಬಣ್ಣದ ನೇಯ್ಗೆಯ ಬಟ್ಟೆ ಹಾಕಿಕೊಂಡು, ತಮ್ಮ ಭಾಷೆಯಲ್ಲೇ ಮಾತಾಡಿದರು. ದುಭಾಷಿಗಳು ಅದನ್ನ ಸ್ಪ್ಯಾನಿಷ್‌ಗೆ ತಂದರು. ಸೇನಾಪತಿ ಕಿವಿಗೆ ಯಂತ್ರ ಹಾಕಿಕೊಂಡು ಕೂತು ಕೇಳಬೇಕಾಯಿತು. ನೂರಾರು ವರ್ಷ ಆ ಭಾಷೆಯನ್ನ ಕೋರ್ಟು ಕಚೇರಿಗಳು ಭಾಷೆ ಅಂತಲೇ ಎಣಿಸಿರಲಿಲ್ಲ. ಅತ್ಯಾಚಾರದ ಬಗ್ಗೆ ಹೇಳಿದ ಹೆಂಗಸರು ಶಾಲಿನಿಂದ ಮುಖ ಮುಚ್ಚಿಕೊಂಡು ಹೇಳಿದರು. ಮೂವತ್ತು ವರ್ಷ ಗಂಡನಿಗೆ, ಮಕ್ಕಳಿಗೆ ಹೇಳಲಾರದ್ದನ್ನ ಕೋರ್ಟಿಗೆ ಹೇಳಿದರು.

ಮೂರನೆಯದು ಪುರಾವೆ. ಇದನ್ನ ಕಾನೂನು ಓದೋ ಗೆಳೆಯರು ಗಮನ ಇಟ್ಟು ಕೇಳಿ. ಸೇನಾಪತಿ ಹಳ್ಳಿಗೆ ಹೋಗಿರಲಿಲ್ಲ, ಕೋವಿ ಎತ್ತಿರಲಿಲ್ಲ. ಹಾಗಾದರೆ ಅವನ ಕೈಗೂ ಈ ರಕ್ತಕ್ಕೂ ಸಂಬಂಧ ಹೇಗೆ ತೋರಿಸ್ತೀರಿ? ಇಲ್ಲೇ ಜಗತ್ತಿನಲ್ಲಿ ಇಂಥ ಎಷ್ಟೋ ಕೇಸು ಬಿದ್ದುಹೋಗೋದು.

ಅಭಿಯೋಗದವರು ಮೂರು ದಾರ ಹಿಡಿದು ಹೆಣೆದರು. ಒಂದು, ಸೈನ್ಯದ್ದೇ ಕಾಗದ. 1982ರಲ್ಲಿ ಇಶಿಲ್ ಸೀಮೆಯಲ್ಲಿ ನಡೆಸಿದ "ಸೋಫಿಯಾ" ಅನ್ನೋ ಕಾರ್ಯಾಚರಣೆಯ ಗುಪ್ತ ದಾಖಲೆ ಹೊರಬಿದ್ದಿತ್ತು. ಅದರಲ್ಲಿ ಹುಕುಂ ಮೇಲಿಂದ ಕೆಳಕ್ಕೆ ಹೇಗೆ ಇಳಿಯಿತು, ವರದಿ ಕೆಳಗಿಂದ ಮೇಲಕ್ಕೆ ಹೇಗೆ ಹತ್ತಿತು ಅನ್ನೋದು ಮೆಟ್ಟಿಲು ಮೆಟ್ಟಿಲಾಗಿ ಇತ್ತು. ಎರಡು, ಲೆಕ್ಕ. ಪ್ಯಾಟ್ರಿಕ್ ಬಾಲ್ ಅನ್ನೋ ಸಂಖ್ಯಾಶಾಸ್ತ್ರಜ್ಞ ಬಂದು ಹೇಳಿದ: ಆ ಸೀಮೆಯಲ್ಲಿ 1982ರ ಏಪ್ರಿಲ್‌ನಿಂದ 1983ರ ಜುಲೈವರೆಗೆ ಸೈನ್ಯ ಮೂಲನಿವಾಸಿಗಳಲ್ಲಿ ನೂರಕ್ಕೆ 5.5 ಜನರನ್ನ ಕೊಂದಿದೆ. ಅದೇ ಊರುಗಳಲ್ಲಿ, ಅದೇ ತಿಂಗಳುಗಳಲ್ಲಿ ಮೂಲನಿವಾಸಿ ಅಲ್ಲದವರು ಸತ್ತದ್ದು ನೂರಕ್ಕೆ 0.7. ಅಂದರೆ ಒಬ್ಬ ಇಶಿಲನ ತಲೆ ಮೇಲಿದ್ದ ಸಾವು ಪಕ್ಕದ ಲದೀನೋಗಿಂತ ಎಂಟು ಪಟ್ಟು. ಬರೀ ಯುದ್ಧ ಆಗಿದ್ದರೆ ಗುಂಡು ಹೀಗೆ ಜಾತಿ ನೋಡಿ ಬೀಳ್ತಿತ್ತಾ? ಜನಾಂಗಹತ್ಯೆ ಅನ್ನೋ ಆರೋಪಕ್ಕೆ ಇದು ಬೆನ್ನೆಲುಬು. ಯಾಕೆ ಅಂದರೆ ಕಾನೂನಿನಲ್ಲಿ ಬರೀ ತುಂಬಾ ಜನ ಸತ್ತರು ಅಂದರೆ ಸಾಲದು. ಒಂದು ಜನಾಂಗವನ್ನ ಅದು ಆ ಜನಾಂಗ ಅನ್ನೋ ಕಾರಣಕ್ಕೇ ಪೂರ್ತಿಯಾಗೋ ಭಾಗಶಃವಾಗೋ ಅಳಿಸೋ ಉದ್ದೇಶ ಇತ್ತು ಅಂತ ತೋರಿಸಬೇಕು.

ಮೂರನೇ ದಾರ ಅವನದೇ ಬಾಯಿ. 1982ರಲ್ಲಿ ಪಮೇಲಾ ಯೇಟ್ಸ್ ಅನ್ನೋ ಯುವ ಚಿತ್ರ ನಿರ್ದೇಶಕಿ ಅವನ ಸಂದರ್ಶನ ಮಾಡಿದ್ದಳು. ಸೈನ್ಯ ನನ್ನ ಹಿಡಿತದಲ್ಲಿದೆ, ಸೈನ್ಯವನ್ನ ಹಿಡಿತದಲ್ಲಿ ಇಡಲಾಗದಿದ್ದರೆ ನಾನಿಲ್ಲಿ ಇದ್ದು ಏನು ಮಾಡಲಿ ಅನ್ನೋ ಅರ್ಥದ ಮಾತನ್ನ ಆಗ ಜಂಬದಿಂದ ಆಡಿದ್ದ. ಮೂವತ್ತು ವರ್ಷದ ಮೇಲೆ ಆ ಫಿಲಮ್ಮನ್ನ ಕೋರ್ಟಿನಲ್ಲಿ ತೋರಿಸಿದರು. ನನಗೇನೂ ಗೊತ್ತಿರಲಿಲ್ಲ, ಕೆಳಗಿನವರು ಮಾಡಿದ್ದು ಅನ್ನೋ ಬಾಗಿಲು ಅಲ್ಲಿಗೆ ಮುಚ್ಚಿತು. ಹಿಡಿತ ಇತ್ತು ಅಂದಮೇಲೆ ಹೊಣೆಯೂ ಇರಲೇಬೇಕು. ತಿಳಿದಿದ್ದೂ, ನಿಲ್ಲಿಸೋ ಶಕ್ತಿ ಇದ್ದೂ ನಿಲ್ಲಿಸದವನು ಅಪರಾಧಿ. ಇದೇ ತತ್ವ.

2013ರ ಮೇ 10, ಶುಕ್ರವಾರ ತೀರ್ಪು ಬಂತು. ಜನಾಂಗಹತ್ಯೆಗೆ 50 ವರ್ಷ, ಮಾನವತೆಯ ವಿರುದ್ಧದ ಅಪರಾಧಕ್ಕೆ 30 ವರ್ಷ, ಒಟ್ಟು 80 ವರ್ಷ ಸಜೆ. ಅವನಿಗೆ ಆಗ 86 ವಯಸ್ಸು. ಅವನ ಗೂಢಚಾರ ಮುಖ್ಯಸ್ಥನನ್ನ ಬಿಟ್ಟರು. ಇಶಿಲ್ ಜನ ಎದ್ದು ನಿಂತು ಎದೆ ಮೇಲೆ ಕೈ ಅಡ್ಡ ಇಟ್ಟುಕೊಂಡು ನ್ಯಾಯಪೀಠಕ್ಕೆ ತಲೆಬಾಗಿದರು. ಸೇನಾಪತಿಯನ್ನ ಅಲ್ಲಿಂದಲೇ ಜೈಲಿಗೆ ಒಯ್ದರು.

ಚಪ್ಪಾಳೆ ತಡೀರಿ ಗೆಳೆಯರೇ. ಹತ್ತು ದಿನ. ಹತ್ತೇ ದಿನ ಆ ತೀರ್ಪು ಉಳಿದದ್ದು.

ದೇಶದ ದೊಡ್ಡ ಬಂಡವಾಳಗಾರರ ಸಂಘ ಬೀದಿಗೆ ಬಂದು ತೀರ್ಪು ರದ್ದು ಮಾಡಿ ಅಂತ ಕೂಗಿತು. ಯಾಕೆ ಅವರಿಗೆ ಅಷ್ಟು ಉರಿ? ಕಟಕಟೆಯಲ್ಲಿ ಇದ್ದವನು ಒಬ್ಬನೇ ಮುದುಕ, ಆದರೆ ಅವನ ಹಿಂದೆ ಇದ್ದದ್ದು ತೋಟದ ಯಜಮಾನಿಕೆ. ಆಗ ದೇಶದ ಅಧ್ಯಕ್ಷನಾಗಿದ್ದ ಓಟ್ಟೊ ಪೆರೆಸ್ ಮೊಲೀನಾ ಕೂಡ ಮಾಜಿ ಜನರಲ್, 1982ರಲ್ಲಿ ಇಶಿಲ್ ಸೀಮೆಯಲ್ಲೇ ಅಧಿಕಾರಿಯಾಗಿದ್ದವನು. ಒಬ್ಬ ಮಾಜಿ ಸೈನಿಕ ಕೋರ್ಟಿನಲ್ಲಿ ಅವನ ಹೆಸರನ್ನೂ ಎತ್ತಿದ್ದ. ಮೇ 20ರಂದು ಸಂವಿಧಾನ ನ್ಯಾಯಾಲಯ ಮೂರಕ್ಕೆ ಎರಡು ಮತದಿಂದ, ವಕೀಲರ ವಿಷಯದಲ್ಲಿ ಕ್ರಮ ತಪ್ಪಿದೆ ಅಂತ ಹೇಳಿ, ಏಪ್ರಿಲ್ 19ರ ನಂತರ ನಡೆದದ್ದನ್ನೆಲ್ಲ ರದ್ದು ಮಾಡಿತು. ಕೊಲೆ ನಡೆಯಲಿಲ್ಲ ಅಂತ ಆ ಕೋರ್ಟೂ ಹೇಳಲಿಲ್ಲ. ಕಾಗದ ಸರಿಯಿಲ್ಲ ಅಂದಿತು.

ಆಮೇಲೆ ಒಬ್ಬೊಬ್ಬರನ್ನೇ ಹಣಿದರು. 2014ರಲ್ಲಿ ಕ್ಲೌಡಿಯಾ ಪಾಸ್ ಇ ಪಾಸ್‌ಳ ಅವಧಿಯನ್ನ ಮೊಟಕು ಮಾಡಿದರು. ನ್ಯಾಯಾಧೀಶೆ ಬಾರಿಯೋಸ್‌ಳನ್ನ ವಕೀಲರ ಸಂಘ ಒಂದು ವರ್ಷ ಅಮಾನತು ಮಾಡೋಕೆ ಹೊರಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಸಂಸತ್ತು, ನಮ್ಮ ದೇಶದಲ್ಲಿ ಜನಾಂಗಹತ್ಯೆ ನಡೆಯಲೇ ಇಲ್ಲ ಅನ್ನೋ ಅರ್ಥದ ಗೊತ್ತುವಳಿ ಮಾಡಿತು. ಕೈ ಎತ್ತಿ ಓಟು ಹಾಕಿ ಇತಿಹಾಸ ಅಳಿಸೋದು! 2015ರ ಜನವರಿಯಲ್ಲಿ ಮತ್ತೆ ವಿಚಾರಣೆ ಅಂತ ಕರೆದಾಗ ಸೇನಾಪತಿಯನ್ನ ಸ್ಟ್ರೆಚರ್ ಮೇಲೆ ಹೊತ್ತು ತಂದರು, ಕಂಬಳಿ ಹೊದಿಸಿ, ಕಪ್ಪು ಕನ್ನಡಕ ಹಾಕಿ. ಒಬ್ಬ ನ್ಯಾಯಾಧೀಶೆ ಹಿಂದೆ ಓದುವಾಗ ಜನಾಂಗಹತ್ಯೆ ಬಗ್ಗೆ ಪ್ರಬಂಧ ಬರೆದಿದ್ದಳು ಅನ್ನೋ ನೆಪಕ್ಕೆ ಆ ದಿನದ ಕಲಾಪವೂ ನಿಂತಿತು. ಆಮೇಲೆ ವೈದ್ಯರು ಅವನಿಗೆ ಮರೆವಿನ ರೋಗ ಅಂದರು. ಇಡೀ ಜನಾಂಗ ಮರೆಯಲಾರದ್ದನ್ನ ಅವನು ಮರೆತುಬಿಟ್ಟ! ಬಾಗಿಲು ಮುಚ್ಚಿ, ಅವನು ಇಲ್ಲದೆಯೇ ವಿಚಾರಣೆ ಎಳೆದಾಡಿತು. 2018ರ ಏಪ್ರಿಲ್ 1ರಂದು, 91ನೇ ವಯಸ್ಸಿನಲ್ಲಿ ರಿಯೋಸ್ ಮೊಂಟ್ ಸತ್ತ. ಜೈಲಿನಲ್ಲಲ್ಲ, ಮನೆಯಲ್ಲಿ.

ನಿಮ್ಮ ಮುಖ ಸಪ್ಪಗಾದದ್ದು ನಮಗೆ ಕಾಣ್ತಿದೆ. ಇದನ್ನ ಓದಿದಾಗ ನಾವೂ ಹೀಗೇ ಕೂತಿದ್ದೆವು. "ಇಷ್ಟೆಲ್ಲಾ ಮಾಡಿ ಏನು ಸಿಕ್ಕಿತು?" ಅಂತ ನಮ್ಮ ನಮ್ಮಲ್ಲೇ ಜಗಳ ಆಯಿತು. ಜಗಳ ಆಡ್ತಾ ಆಡ್ತಾ ಕಂಡದ್ದನ್ನ ಹೇಳ್ತೀವಿ.

2018ರ ಸೆಪ್ಟೆಂಬರಿನಲ್ಲಿ, ಅವನು ಸತ್ತ ಮೇಲೆ, ಆ ಮುಂದುವರಿದ ವಿಚಾರಣೆಯ ತೀರ್ಪು ಬಂತು. ಗೂಢಚಾರ ಮುಖ್ಯಸ್ಥನನ್ನ ಎರಡನೇ ಸಲವೂ ಬಿಟ್ಟರು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಸಾಲು ಇತ್ತು: ಇಶಿಲ್ ಜನರ ಮೇಲೆ ಗ್ವಾಟೆಮಾಲಾ ಸೈನ್ಯ ಜನಾಂಗಹತ್ಯೆ ನಡೆಸಿದ್ದು ನಿಜ. ಸಂಸತ್ತು ಇಲ್ಲ ಅಂತ ಗೊತ್ತುವಳಿ ಮಾಡಿದ್ದನ್ನ, ಇನ್ನೊಂದು ಪೀಠ, ಬೇರೆ ನ್ಯಾಯಾಧೀಶರು, ಹೌದು ಅಂತ ಬರೆದರು. ಯಾವ ಬಲದ ಮೇಲೆ? ಅದೇ ಇಶಿಲ್ ಜನರ ಸಾಕ್ಷ್ಯದ ಬಲದ ಮೇಲೆ. ತೀರ್ಪನ್ನ ರದ್ದು ಮಾಡಬಹುದು, ಆಡಿದ ಸಾಕ್ಷ್ಯವನ್ನ ರದ್ದು ಮಾಡೋಕೆ ಆಗಲಿಲ್ಲ.

ಇನ್ನೊಂದು, ಒಂದು ಕೇಸು ಇನ್ನೊಂದಕ್ಕೆ ದಾರಿ ಮಾಡುತ್ತೆ. ದೋಸ್ ಎರೆಸ್ ಹಳ್ಳಿ ಕೊಂದ ನಾಲ್ಕು ಜನ ಮಾಜಿ ಸೈನಿಕರಿಗೆ 2011ರಲ್ಲೇ ತಲಾ ಆರು ಸಾವಿರಕ್ಕೂ ಹೆಚ್ಚು ವರ್ಷ ಸಜೆ ಆಗಿತ್ತು. ಒಂದೊಂದು ಕೊಲೆಗೂ ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಿದ ಸಜೆ ಅದು. ಆಮೇಲೆ ಬಂತು ಸೆಪೂರ್ ಸಾರ್ಕೊ. ಅದು ಕೆಕ್ಚಿ ಅನ್ನೋ ಮಾಯಾ ಜನರ ಊರು. ಅಲ್ಲಿನ ಗಂಡಸರು ಮಾಡಿದ ತಪ್ಪು ಏನು ಗೊತ್ತಾ? ತಾವು ಉಳುವ ನೆಲಕ್ಕೆ ಹಕ್ಕುಪತ್ರ ಕೇಳಿದ್ದು. 1982ರಲ್ಲಿ ಸೈನ್ಯ ಬಂದು ಅವರನ್ನ ಎತ್ತಿಕೊಂಡು ಹೋಯಿತು. ಅವರ ಹೆಂಡಂದಿರನ್ನ ಸೈನ್ಯದ ಠಾಣೆಯಲ್ಲಿ ಸರದಿ ಮೇಲೆ ಜೀತಕ್ಕೆ ಇಟ್ಟುಕೊಂಡರು. ರೊಟ್ಟಿ ತಟ್ಟೋದು, ಸೈನಿಕರ ಬಟ್ಟೆ ಹೊಳೆಯಲ್ಲಿ ಒಗೆಯೋದು, ಆಮೇಲೆ ಅತ್ಯಾಚಾರ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ. ಆ ಹೆಂಗಸರು ಹಣ್ಣುಹಣ್ಣು ಮುದುಕಿಯರಾಗಿ 2016ರಲ್ಲಿ ಕೋರ್ಟಿಗೆ ಬಂದರು, ಶಾಲಿನಿಂದ ಮುಖ ಮುಚ್ಚಿಕೊಂಡು. ಗುಂಡಿಯಿಂದ ತೆಗೆದ ಮೂಳೆಗಳನ್ನ ಪೆಟ್ಟಿಗೆಗಳಲ್ಲಿ ಕೋರ್ಟಿನ ಒಳಗೇ ತಂದಿಟ್ಟರು. ಪೀಠದ ಮೇಲೆ ಕೂತದ್ದು ಯಾರು? ಅದೇ ಯಾಸ್ಮಿನ್ ಬಾರಿಯೋಸ್. ಫೆಬ್ರವರಿ 26ರಂದು ಲೆಫ್ಟಿನೆಂಟ್ ಕರ್ನಲ್ ಎಸ್ತೀಲ್ಮೆರ್ ರೇಯೆಸ್ ಹಿರೋನ್‌ಗೆ 120 ವರ್ಷ, ಅವನ ಜತೆಗಾರ ಹೆರಿಬೆರ್ತೊ ವಾಲ್ದೆಸ್ ಆಸಿಗ್‌ಗೆ 240 ವರ್ಷ ಸಜೆ ಆಯಿತು. ಹೆಂಗಸರನ್ನ ಲೈಂಗಿಕ ಗುಲಾಮರನ್ನಾಗಿ ಮಾಡಿದ್ದನ್ನ ಒಂದು ದೇಶ ತನ್ನದೇ ಕೋರ್ಟಿನಲ್ಲಿ ಯುದ್ಧಾಪರಾಧ ಅಂತ ಶಿಕ್ಷಿಸಿದ್ದು ಲೋಕದಲ್ಲೇ ಮೊದಲು. ಈ ಸಲ ಹತ್ತು ದಿನಕ್ಕೆ ಅದನ್ನ ಉರುಳಿಸೋಕೆ ಯಾರಿಗೂ ಆಗಲಿಲ್ಲ.

ಈಗ ಕೆಲವರು ಎತ್ತೋ ಮಾತುಗಳಿಗೆ ಉತ್ತರ ಹೇಳಿ ಮುಗಿಸ್ತೀವಿ.

"ಹಳೇ ಗೋರಿ ಅಗೆದರೆ ಸಮಾಜದ ಶಾಂತಿ ಕೆಡುತ್ತೆ" ಅಂತಾರೆ. ಯಾರ ಶಾಂತಿ? ಗಂಡನ ಹೆಣ ಎಲ್ಲಿದೆ ಅಂತ ಗೊತ್ತಿಲ್ಲದ ಹೆಂಗಸಿಗೆ ಯಾವ ಶಾಂತಿ ಇತ್ತು ಕೆಡೋಕೆ? ಗೋರಿ ಅಗೆದ ಮೇಲೆ ತಾನೆ ಅವಳು ಮೂಳೆಗೆ ಮಣ್ಣು ಕೊಟ್ಟು ಅತ್ತದ್ದು.

"ಮುದುಕ, ಕಾಯಿಲೆಯವನು, ಬಿಟ್ಟುಬಿಡಿ" ಅಂತಾರೆ. ಅವನು ಗಟ್ಟಿಮುಟ್ಟಾಗಿದ್ದಾಗ ಕುರ್ಚಿಯ ಹಿಂದೆ ಅಡಗಿದ. ಕುರ್ಚಿ ಹೋದಾಗ ಮುಪ್ಪಿನ ಹಿಂದೆ ಅಡಗಿದ. ಹಾಗಾದರೆ ಅವನನ್ನ ಕೇಳೋ ಕಾಲ ಯಾವುದು? ಸಾಕ್ಷಿ ಹೇಳೋಕೆ ಬಂದವರೂ ಮುದುಕಿಯರೇ ಅಲ್ವಾ?

"ಸೈನಿಕನ ಧರ್ಮ ಹುಕುಂ ಪಾಲಿಸೋದು" ಅಂತಾರೆ. ಅದನ್ನ ನ್ಯೂರೆಂಬರ್ಗ್‌ನಲ್ಲೇ ತಳ್ಳಿಹಾಕಿ ಎಪ್ಪತ್ತೈದು ವರ್ಷದ ಮೇಲಾಯಿತು. ಅನ್ಯಾಯದ ಹುಕುಂ ಪಾಲಿಸಿದವನೂ ಹೊಣೆ, ಕೊಟ್ಟವನು ಅವನಿಗಿಂತ ದೊಡ್ಡ ಹೊಣೆ. ಬಲವಂತಕ್ಕೆ ಕೋವಿ ಹಿಡಿದ ಬಡಹುಡುಗನನ್ನ ಮಾತ್ರ ಜೈಲಿಗೆ ಹಾಕಿ ಜನರಲ್ಲನ್ನ ಬಿಟ್ಟರೆ, ಅದು ಹಳೇ ಯಜಮಾನಿಕೆಗೇ ಹೊಸ ಮುದ್ರೆ ಒತ್ತಿದ ಹಾಗೆ. ಅದಕ್ಕೇ ನಾವು ಈ ಭಾಷಣಕ್ಕೆ "ಹುಕುಂ ಕೊಟ್ಟವನು ಯಾರು" ಅಂತ ಹೆಸರಿಟ್ಟದ್ದು.

ಗೆಳೆಯರೇ, ಹೋದ ಸಲ ಪ್ರಶ್ನೆ ಕೇಳಿದ ಗೆಳೆಯನಿಗೆ ನಮ್ಮ ಉತ್ತರ ಇಷ್ಟು. ಕೋರ್ಟು ತಾನಾಗಿ ಸೇನಾಪತಿಯನ್ನ ಕರೆಯಲಿಲ್ಲ. ಹನ್ನೊಂದು ವರ್ಷ ಮುಂಚೆ ಕೊಟ್ಟ ಫಿರ್ಯಾದಿತ್ತು, ಅದಕ್ಕೂ ಮುಂಚೆ ಬರೆಸಿದ ಹೇಳಿಕೆಗಳಿದ್ದವು, ಅದಕ್ಕೂ ಮುಂಚೆ ಬೆಟ್ಟದ ಮೇಲೆ ಹಸಿದು ಕೂತಾಗಲೂ ಸತ್ತವರ ಹೆಸರು ಮರೆಯದ ಜನ ಇದ್ದರು. ಯಾವ ದಿನ, ಯಾವ ಹಳ್ಳಿ, ಎಷ್ಟು ಜನ ಬಂದರು, ಅವರ ಮುಂದಾಳು ಯಾರು, ಏನೆಂದು ಕೂಗಿ ಹುಕುಂ ಕೊಟ್ಟ, ಇಂಥ ಸಣ್ಣ ಸಣ್ಣ ವಿವರಗಳೇ ಮೂವತ್ತು ವರ್ಷದ ಮೇಲೆ ಕೋರ್ಟಿನಲ್ಲಿ ನಿಂತದ್ದು. "ತುಂಬಾ ಅನ್ಯಾಯ ಆಯಿತು" ಅನ್ನೋ ಮಾತು ಕೋರ್ಟಿನಲ್ಲಿ ನಿಲ್ಲೋದಿಲ್ಲ. ಹೆಸರು, ದಿನ, ಜಾಗ ನಿಲ್ಲುತ್ತೆ.

ನೀವು ನಿಮ್ಮ ಮನೆಯಲ್ಲಿ ಮೊದಲು ಅಕ್ಷರ ಕಲಿತವರು. ನಿಮ್ಮ ಅಜ್ಜಿ, ನಿಮ್ಮ ಅಪ್ಪ ನೆನಪಿನಲ್ಲಿ ಇಟ್ಟುಕೊಂಡದ್ದನ್ನ ಬರೆದಿಡೋಕೆ ಬರೋರು ನೀವೊಬ್ಬರೇ. ರಜಕ್ಕೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ತಗೊಂಡು ಹೋಗಿ. ಕೇಳಿ, ಬರೆದುಕೊಳ್ಳಿ, ದಿನಾಂಕ ಹಾಕಿ. ಅದು ಯಾವ ಕೋರ್ಟಿಗೆ ಯಾವಾಗ ಬೇಕಾಗುತ್ತೋ ನಮಗೂ ಗೊತ್ತಿಲ್ಲ. ಇಶಿಲ್ ಜನಕ್ಕೂ ಗೊತ್ತಿರಲಿಲ್ಲ.

ಇಷ್ಟು ಹೊತ್ತು ಕೂತು ಕೇಳಿದ್ದೀರಿ. ಇನ್ನು ನಿಮ್ಮ ಪ್ರಶ್ನೆ ಕೇಳಿ. ಈ ಸಲವೂ ಉತ್ತರ ಗೊತ್ತಿಲ್ಲದಿದ್ದರೆ ಮತ್ತೆ ಓದಿಕೊಂಡು ಬರ್ತೀವಿ.